ಎರಡು ಮಾತ್ರೆಯ ಸಿಟ್ಟು

ತೊಂಬತ್ತಾರರ ಆ ಮೇ ತಿಂಗಳಲ್ಲಿ ನನಗೆ ಸಿಟ್ಟು ಬರಿಸದ ವಸ್ತುವೇ ಇರಲಿಲ್ಲ. ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆದರೂ ಎದೆ ಡವಡವ. ನೆರೂಳ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬಂದರೆ ಹತ್ತಲು ಹೆದರಿಕೆ, ಬಿಟ್ಟು ಹೋದರೆ ಅಳು. ಆಫೀಸಿನಲ್ಲಿ ಕೈ ನಡುಗಿ ಒಂದೇ ಪತ್ರವನ್ನು ನಾಲ್ಕು ಸಲ ಟೈಪ್ ಮಾಡಿದೆ.

ಥೈರಾಯ್ಡ್ ಕಡಿಮೆಯೆಂದು ಎರಡು ವರ್ಷದಿಂದ ಬರಿಹೊಟ್ಟೆಯಲ್ಲಿ ದಿನಕ್ಕೆ ಎರಡು ಮಾತ್ರೆ ನುಂಗುತ್ತಿದ್ದೆ. ಮಾತ್ರೆ ಬರುವುದು ಉಡುಪಿಯಿಂದ. ವಾಶಿಯಲ್ಲಿ ಸಾಲುಸಾಲು ಮೆಡಿಕಲ್ ಅಂಗಡಿಗಳಿದ್ದವು. ಆದರೆ ಊರಿನಲ್ಲಿ ಗಂಡನ ತಮ್ಮ ದೇವದಾಸನ ಔಷಧಿ ಅಂಗಡಿ ಇರುವಾಗ ಬೇರೆ ಕಡೆ ಕೊಳ್ಳುವುದೆಂದರೆ ನಮ್ಮವರಿಗೆ ಅವಮಾನ. ಕುಚ್ಚಲಕ್ಕಿ, ಹಪ್ಪಳದ ಜೊತೆ ಬಸ್ಸಿನಲ್ಲಿ ಮಾತ್ರೆಯ ಬಾಟ್ಲಿಯೂ ಬರುತ್ತಿತ್ತು.

ಇದರ ನಡುವೆ ನಮ್ಮವರು, ಅಂದರೆ ಹೋಟೆಲಿನ ಗಲ್ಲೆಯಲ್ಲಿ ಕೂತು ಬಿಲ್ಲಿನ ಹಣ ತೆಗೆದುಕೊಳ್ಳುವ ಮೋಹನದಾಸರು, ಮಗಳು ಮಾನಸಿಯನ್ನು ಊರಿಗೆ ಕಳಿಸುವ ಮಾತೆತ್ತಿದರು. ಏಳು ವರ್ಷದ ಹುಡುಗಿ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ ಎಂಬುದೇ ಅವಳ ಅಪರಾಧ. ಉಡುಪಿಯಲ್ಲಿ ನನ್ನ ಅತ್ತೆಯ ಮನೆಯಲ್ಲಿದ್ದು ಅಲ್ಲೇ ಶಾಲೆಗೆ ಹೋಗಲಿ ಎಂದು ಶುಕ್ರವಾರದ ಬಸ್ಸಿಗೆ ಸೀಟನ್ನೂ ಬುಕ್ ಮಾಡಿಬಿಟ್ಟರು.

ಬೇಡ ಎಂದೆ. ಅಷ್ಟೇ ಹೇಳಿದ್ದರೆ ಚೆನ್ನಾಗಿತ್ತು. ಬೇಡ ಎನ್ನುತ್ತ ಸಾರಿನ ಪಾತ್ರೆಯನ್ನು ಗೋಡೆಗೆ ಎಸೆದೆ.

"ನಿನ್ನನ್ನು ನೀನೇ ಒಮ್ಮೆ ನೋಡಿಕೋ ಮಾರಾಯ್ತಿ," ಎಂದರು. "ಇಂಥವಳ ಹತ್ರ ಮಗುವನ್ನು ಹೇಗೆ ಬಿಡುದು?"

ಬಾಗಿಲ ಮರೆಯಿಂದ ಮಾನಸಿ, "ಮಮ್ಮೀ, ಮೈನೇ ಕ್ಯಾ ಕಿಯಾ?" ಎಂದಳು. ಅವಳು ಏನೂ ಮಾಡಿರಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಅಮ್ಮ ಹೇಳುತ್ತಿದ್ದಳು. ಗೋಡೆ ಒರೆಸುತ್ತ ನನಗೆ ನನ್ನ ಮೇಲೆಯೇ ಭಯವಾಯಿತು. ಇವರು ಹೇಳುವುದೇ ನಿಜವಿರಬಹುದು. ಮಗಳನ್ನು ಕಳಿಸಬಾರದು ಎನ್ನುತ್ತಿರುವುದು ತಾಯಿಯೋ ಹುಚ್ಚಿಯೋ ತಿಳಿಯಲಿಲ್ಲ.

ಬುಧವಾರ ಇಬ್ಬರೂ ವಾಶಿಯ ಡಾಕ್ಟರ ಬಳಿಗೆ ಹೋದೆವು. ಅವರು ನಾಡಿ ಹಿಡಿದರು, ಬಾಟ್ಲಿಯನ್ನು ತಿರುಗಿಸಿ ನೋಡಿದರು. ಮೊದಲಿನದು ಐವತ್ತು ಮೈಕ್ರೋಗ್ರಾಮಿನ ಮಾತ್ರೆ, ಇದು ನೂರರದ್ದು, ಒಂದೇ ಸಾಕು ಎಂದರು. ಎರಡು ತಿಂಗಳಿಂದ ನಾನು ಎರಡೆರಡು ನುಂಗುತ್ತಿದ್ದೆ.

ನಮ್ಮವರು ನೆಲ ನೋಡಿದರು. "ದೇವದಾಸ ಹೋಟ್ಲಿಗೆ ಫೋನ್ ಮಾಡಿದ್ದ. ದೊಡ್ಡ ಮಾತ್ರೆ ಕಳಿಸಿದ್ದೇನೆ, ಇನ್ನು ಒಂದೇ ಅಂತ ಹೇಳು ಅಂದಿದ್ದ. ಊಟದ ಹೊತ್ತು, ಗಲ್ಲೆಯಲ್ಲಿ ರಶ್... ಮರ್ತೇ ಹೋಯ್ತು."

ಕೆಲವು ದಿನ ಮಾತ್ರೆ ನಿಲ್ಲಿಸಿ, ರಕ್ತ ಪರೀಕ್ಷೆ ಮಾಡಿಸಿ ಎಂದರು ಡಾಕ್ಟರು. ಮನಸ್ಸು ತಿಳಿಯಾಗಲು ಒಂದು ತಿಂಗಳಾದರೂ ಬೇಕು, ಅಲ್ಲಿಯವರೆಗೆ ದೊಡ್ಡ ತೀರ್ಮಾನ ಯಾವುದೂ ಬೇಡ ಎಂದೂ ಹೇಳಿದರು.

ಗುರುವಾರ ಸಂಜೆ ನೋಡಿದರೆ ಇವರು ಮಾನಸಿಯ ಫ್ರಾಕುಗಳನ್ನು ಬ್ಯಾಗಿಗೆ ತುಂಬುತ್ತಿದ್ದಾರೆ!

"ಎಂತ ಮಾಡ್ತಿದ್ದೀರಿ?"

"ಡಾಕ್ಟ್ರು ಹೇಳಿದ್ದು ಕೇಳ್ಲಿಲ್ವಾ? ನೀನೀಗ ಎಂತದೂ ತೀರ್ಮಾನ ಮಾಡ್ಲಿಕ್ಕಿಲ್ಲ."

ಎದೆ ಮತ್ತೆ ಹೊಡೆದುಕೊಳ್ಳತೊಡಗಿತು. ಕೈಗೆ ಪಾತ್ರೆ ಸಿಗದಿರಲೆಂದು ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದೆ.

"ಸರಿ, ಮಾಡುದಿಲ್ಲ. ಮಗುವನ್ನು ಕಳಿಸುದೂ ದೊಡ್ಡ ತೀರ್ಮಾನವೇ ಅಲ್ವಾ? ನಾನು ಸೇರದೆ ಆ ತೀರ್ಮಾನ ಆಗುದಿಲ್ಲ. ಹಾಗಾಗಿ ಅದನ್ನೂ ಈಗ ಮಾಡ್ಲಿಕ್ಕಿಲ್ಲ. ನಿಮ್ಮ ಮರೆವಿಗೆ ನಾನು ಎರಡು ತಿಂಗಳು ಹುಚ್ಚಿ ಆದೆ. ನೀವು ಒಂದು ತಿಂಗಳು ಕಾಯಿರಿ."

ಅವರು ಫ್ರಾಕುಗಳನ್ನು ಒಂದೊಂದಾಗಿ ಹೊರತೆಗೆದು ಕಪಾಟಿನಲ್ಲಿಟ್ಟರು.

ಅಷ್ಟು ಮಾತಾಡಿದ್ದು ನಾನೋ, ಹೊಟ್ಟೆಯೊಳಗೆ ಉಳಿದಿದ್ದ ಮಾತ್ರೆಯೋ ಗೊತ್ತಾಗಲಿಲ್ಲ. ಯಾರೇ ಆಡಿರಲಿ, ಶುಕ್ರವಾರದ ಬಸ್ಸು ಮಾನಸಿಯನ್ನು ಬಿಟ್ಟು ಹೋಯಿತು.