ಬೇವಿನ ಬುಡದ ನೀರು

ಯುನೂಸ ಎಸೆದ ಮಣ್ಣು ಈ ಸಲ ಚದುರಲಿಲ್ಲ. ಮುದ್ದೆಯಾಗಿ ದಂಡೆಗೆ ಬಿದ್ದು ಅಲ್ಲೇ ಕೂತಿತು. ಅವನು ಸಲಿಕೆ ನಿಲ್ಲಿಸಿ ಕಾಲಕೆಳಗೆ ನೋಡಿದ. ಹಿಮ್ಮಡಿಯ ಸುತ್ತ ನೀರು ಜಿನುಗುತ್ತಿತ್ತು.

“ಸಿದ್ಧರಾಮಣ್ಣ, ನೀರು ಬಂತ್ರಿ.”

ಬೇವಿನ ನೆರಳಲ್ಲಿ ಕೂತಿದ್ದ ಗಂಡಸರು ಎದ್ದು ಬಂದರು. ಕುಣಿ ಇನ್ನೂ ಎದೆಮಟ್ಟ ಆಗಿರಲಿಲ್ಲ. ಅತ್ತ ಹೊಲದ ಮನೆಯ ಕಟ್ಟೆಯ ಮೇಲೆ ಸಿದ್ದರಾಯನ ಹೆಣಕ್ಕೆ ಭಂಡಾರ ಹಚ್ಚಿ, ಕಂಬಳಿ ಹೊದಿಸಿ, ಗೋಡೆಗೆ ಆನಿಸಿ ಕೂಡಿಸಿದ್ದರು.

“ಜೀವಮಾನ ಎಲ್ಲಾರ ಬಾವಿ ಇಣುಕಿ ನೋಡಿದ,” ಎಂದಳು ನೆರೆಮನೆಯ ದುರ್ಗವ್ವ. “ಈಗ ಗಂಗವ್ವ ತಾನ ಇವನ್ನ ಇಣುಕಿ ನೋಡಾಕ ಬಂದಾಳ.”

ಯಾರೋ ನಕ್ಕು, ನಕ್ಕಿದ್ದಕ್ಕೆ ಕೆಮ್ಮಿದರು.

ಸತ್ತವನ ತಮ್ಮ ಸಿದ್ಧರಾಮ ಅತ್ತಿಗೆಯ ಹತ್ತಿರ ಹೋದ. “ವೈನಿ, ಈಗರೇ ಕೇಳ್ರಿ. ‘ನನ್ನನ್ನ ದಿನ್ನಿಗೆ ಒಯ್ರಿ’ ಅಂದಿದ್ದ ಅಣ್ಣ. ಅಲ್ಲಿ ಎತ್ತರ ಐತಿ.”

“ಜ್ವರದಾಗ ಅಂದಿದ್ದು ಅದು. ಮಗಳ ಬಾಜೂಕ ಮಲಗೂದು ಬ್ಯಾಡ ಅಂತ ಯಾವ ಅಪ್ಪ ಅಂತಾನ?” ಎಂದಳು ಶೇವಂತೆವ್ವ. “ಯುನೂಸ, ನೀರು ಎತ್ತಿ ಹಾಕು. ಮ್ಯಾಲಿನ ಒಸರು ಇದ್ರ ನಿಲ್ತೈತಿ.”

*

ಬಾವಿಗಳ ನೀರು ನೋಡುವುದು ಸಿದ್ದರಾಯನ ಕೆಲಸವಾಗಿತ್ತು. ಸರ್ಕಾರದ ಜೀಪು ಹತ್ತಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ತಿರುಗುವನು. ಕಲ್ಲು ಕಟ್ಟಿದ ಬಾಟಲಿಯನ್ನು ಬಿರಡೆ ಹಾಕಿಯೇ ಬಾವಿಗೆ ಇಳಿಬಿಡುವನು. ಬೇಕಾದ ಆಳ ಮುಟ್ಟಿದ ಮೇಲೆ ಬಿರಡೆಯ ದಾರವನ್ನು ಜಗ್ಗಿದರೆ ಆ ಆಳದ ನೀರೇ ಒಳಗೆ ತುಂಬುತ್ತಿತ್ತು. ಒರತೆ ಅಳೆಯಬೇಕಾದರೆ ನೀರು ನಿಂತ ಗೆರೆಗೆ ಗುರುತು ಮಾಡಿ, ಎತ್ತಿ ಹಾಕಿ, ಅದು ತಿರುಗಿ ಗುರುತಿಗೆ ಬರುವವರೆಗೆ ಕಾಯುವನು. ಮದುವೆಯಾದ ಹೊಸತರಲ್ಲಿ ಇದನ್ನೆಲ್ಲ ಹೆಂಡತಿಗೂ ತಮ್ಮ ಹೊಲದ ಬಾವಿಯಲ್ಲಿ ತೋರಿಸಿಕೊಟ್ಟಿದ್ದ.

ಮಗಳು ಭಾಗ್ಯಾ ಅವನ ಬಾಟಲಿಗಳಿಗೆ ಕದ್ದು ನಾಲಿಗೆ ಹಚ್ಚುತ್ತಿದ್ದಳು. “ಇದು ಮ್ಯಾಲಿಂದು. ಇದು ತಳದ್ದು, ಥೂ, ಉಪ್ಪು!”

“ಸರಕಾರದ ನೀರು ಕುಡದಿ. ಸಾಹೇಬ ಬಂದು ಹಿಡಕೊಂಡು ಹೋಗ್ತಾನ ನೋಡು.”

“ಬರ್ಲಿ. ಅವಗೂ ತಳದ್ದ ಕುಡಸ್ತೇನಿ.”

ಒಂಬತ್ತನೆಯ ವಯಸ್ಸಿಗೆ ಅವಳನ್ನು ಜ್ವರ ಒಯ್ದಿತು. ಬಾವಿಯ ಪಕ್ಕದ ಬೇವಿನ ಬುಡದಲ್ಲಿ ಮಣ್ಣು ಮಾಡಿ ಒಂದು ಕಲ್ಲು ನೆಟ್ಟರು. ಆಗ ಬಾವಿಯ ನೀರು ಕಣ್ಣಿಗೆ ಕಾಣದಷ್ಟು ಕೆಳಗಿತ್ತು. ಮಗುವಿನ ಮೇಲೆ ಹಾಕಿದ ಮಣ್ಣು ಒಣಗಿ ಬೆಚ್ಚಗಿತ್ತು. ಸಿದ್ದರಾಯ ಪ್ರತಿ ಸಂಜೆ ಆ ಕಲ್ಲಿನ ಹತ್ತಿರ ಹೋಗಿ ಕೂಡುತ್ತಿದ್ದ.

ಬಹಳ ವರ್ಷಗಳ ಮೇಲೆ ಆ ಕಡೆ ಕಾಲುವೆ ಹರಿಯಿತು. ಬಾವಿ ತುಂಬತೊಡಗಿತು. ಶೇವಂತೆವ್ವ ಅರಿಷಿಣ ಕುಂಕುಮ ಹಾಕಿ, ಹಸಿರು ಬಳೆ ಬಿಟ್ಟು ಗಂಗವ್ವನಿಗೆ ಕೈಮುಗಿದಳು. “ಮೆಟ್ಟಿಲಮ್ಯಾಲೆ ಕೂತು ಕೈಲೆ ಮುಟ್ಟಬಹುದು, ನೋಡ ಬರ್ರಿ!” ಎಂದು ಗಂಡನನ್ನು ಕೂಗಿದಳು.

ಅವನು ಬಂದ. ಅಳತೆಯ ಪಟ್ಟಿ ಇಳಿಬಿಟ್ಟ. ಬೇವಿನ ಬುಡದ ಕಡೆ ನೋಡಿದ. ಪಟ್ಟಿ ಸುತ್ತಿಕೊಂಡು ಹೋದ. ಅಂದಿನಿಂದ ಆ ಕಲ್ಲಿನ ಹತ್ತಿರ ಕೂಡಲಿಲ್ಲ. ನೀರು ಬಂತೆಂದು ಊರೆಲ್ಲ ನಲಿದ ದಿನವೇ ಈ ಗಂಡಸು ಮಗಳನ್ನು ಮರೆತ ಎಂದು ಶೇವಂತೆವ್ವ ಅವನ ಮೇಲೆ ಕಹಿ ಇಟ್ಟುಕೊಂಡಳು. ಅವನು ಸಾಯುವವರೆಗೂ ಅದನ್ನು ಬಾಯಿಬಿಟ್ಟು ಕೇಳಲಿಲ್ಲ.

*

ಅವಳು ಬೇವಿನ ಕಡ್ಡಿ ಮುರಿದು ಯುನೂಸನ ಕೈಗೆ ಕೊಟ್ಟಳು. ಅವನು ನೀರು ನಿಂತ ಗೆರೆಗೆ ಅದನ್ನು ಚುಚ್ಚಿ, ಬಕೆಟ್ಟಿನಿಂದ ನೀರನ್ನೆಲ್ಲ ಎತ್ತಿ ಹೊರಗೆ ಹಾಕಿ ಮೇಲೆ ಬಂದ. ಗಂಡಸರಿಗೆ ಚಹಾ ಬಂತು. ಶೇವಂತೆವ್ವ ಕುಣಿಯ ದಂಡೆಯಲ್ಲಿ ಕೂತು ಕಡ್ಡಿಯನ್ನೇ ನೋಡುತ್ತಿದ್ದಳು.

ಚಹಾದ ಕಪ್ಪುಗಳು ಇನ್ನೂ ಕೈಯಲ್ಲಿದ್ದವು. ನೀರು ಕಡ್ಡಿಯನ್ನು ಮುಟ್ಟಿತು. ಒದ್ದೆಯಾದ ಮಣ್ಣು ಕುಸಿದು ಕಡ್ಡಿ ತೇಲಿತು.

ಅವಳ ಕಣ್ಣು ಮೆಲ್ಲಗೆ ಪಕ್ಕದ ಕಲ್ಲಿನ ಕಡೆ ಹೊರಳಿತು. ಭಾಗ್ಯಾ ಒಂದು ಮಾರು ದೂರದಲ್ಲಿದ್ದಳು.

“ಯುನೂಸ, ಇಲ್ಲಿ ಬಂದ ನೀರು ಅಲ್ಲಿ ಇಲ್ಲೇನೋ?”

ಯುನೂಸ ಸಲಿಕೆಯ ಹಿಡಿಕೆ ಒರೆಸಿದ.

“ಹೇಳೋ. ಬಾವಿ ತೋಡಾಂವ ನೀನು.”

“ಏನ್ ಹೇಳ್ಲಿ ಅಕ್ಕಾ. ನೆಲದಾಗ ಅಡ್ಡಗ್ವಾಡಿ ಇರೂದಿಲ್ಲ.”

ಸಿದ್ಧರಾಮ ಟೋಪಿ ತೆಗೆದ. “ಅಣ್ಣಗ ಗೊತ್ತಿತ್ರಿ ವೈನಿ. ‘ಆಕಿ ಬಾಜೂಕ ತೋಡಬ್ಯಾಡ್ರಿ. ತೋಡಿದ್ರ ನೀರು ಬೀಳ್ತೈತಿ, ಶೇವಂತಿ ನೋಡ್ತಾಳ. ನಾ ಒಬ್ಬ ತಿಳಕೊಂಡಿದ್ದ ಸಾಕು’ ಅಂದ. ನಿಮಗ ಹೇಳಬಾರ್ದಂತ ಬೀರಪ್ಪನ ಆಣಿ ಮಾಡಸ್ಕೊಂಡ.”

ಶೇವಂತೆವ್ವ ಅಳಲಿಲ್ಲ. “ದಿನ್ನಿಗೆ ಒಯ್ರಿ ಅವರನ್ನ,” ಎಂದಳು.

*

ದಿನ್ನಿಯ ಮೇಲೆ ಹರಳು ಕಲ್ಲಿನ ಗರಸು ನೆಲ. ಅಲ್ಲಿ ಎಷ್ಟು ತೋಡಿದರೂ ಧೂಳೇ ಎದ್ದಿತು. ಹೊತ್ತು ಇಳಿಯುವ ಮೊದಲು ಸಿದ್ದರಾಯನನ್ನು ಕೂಡಿಸಿ, ಭಂಡಾರ ಹಾರಿಸಿ, ಮಣ್ಣು ಕೊಟ್ಟರು. ಶೇವಂತೆವ್ವನೂ ಒಂದು ಹಿಡಿ ಹಾಕಿದಳು. ಕೈಗೆ ಅಂಟದೆ ಎಲ್ಲ ಜಾರಿ ಬಿತ್ತು.

ಜನ ಸ್ನಾನಕ್ಕೆ ಹೋದರು. “ತೆರೆದ ಕುಣಿ ಹಂಗ ಬಿಡಬಾರ್ದು, ಮುಚ್ಚಿ ಬಾರೋ,” ಎಂದು ದುರ್ಗವ್ವ ಯುನೂಸನನ್ನು ಹೊಲಕ್ಕೆ ಕಳಿಸಿದಳು. ಅವನು ಬೇವಿನ ಹತ್ತಿರ ಬಂದಾಗ ಶೇವಂತೆವ್ವ ಸೀರೆ ಮೇಲೆ ಕಟ್ಟಿಕೊಂಡು ಕುಣಿಯೊಳಗೆ ಇಳಿದಿದ್ದಳು. ಬಕೆಟ್ಟು ತುಂಬಿ ದಂಡೆಗೆ ಎತ್ತಿಡಲು ಹೋಗಿ ಅರ್ಧ ನೀರು ಅವಳ ಮೈಮೇಲೇ ಚೆಲ್ಲಿತು.

“ಅಕ್ಕಾ, ಏನ್ ಮಾಡಾಕತ್ತಿ?”

“ಮುಚ್ಚಬ್ಯಾಡ. ಇಲ್ಲಿ ತಗದಷ್ಟೂ ಅಲ್ಲಿ ಇಳೀತೈತಿ. ಅವರ ಹೇಳಿಕೊಟ್ಟಾರ.”

“ಎಷ್ಟಂತ ತಗೀತಿ?”

ಅವಳು ಬಕೆಟ್ಟು ಮೇಲಕ್ಕೆ ಚಾಚಿದಳು. ಯುನೂಸ ಸಲಿಕೆ ಕೆಳಗಿಟ್ಟು, ಬಕೆಟ್ಟು ಇಸಿದುಕೊಂಡು ದೂರ ಹೋಗಿ ಚೆಲ್ಲಿ ಬಂದ. ಮಗಳ ಕಡೆಯ ಮಣ್ಣಿನ ಗೋಡೆಗೆ ಅವಳು ಹೊಸ ಕಡ್ಡಿಯೊಂದನ್ನು ಚುಚ್ಚಿದ್ದಳು. ನೀರು ಅದರ ಕೆಳಗೆ ಇಳಿದಿತ್ತು. ಬಕೆಟ್ಟು ತಿರುಗಿ ಕೈಗೆ ಬರುವಷ್ಟರಲ್ಲಿ ಕಡ್ಡಿಯ ತುದಿ ಮತ್ತೆ ಒದ್ದೆಯಾಯಿತು. ಅವಳು ಬಾಗಿದಳು.