ಬಣ್ಣದ ಕೆಳಗಿನ ಗೆರೆ

ನಾನು ನೋಡುವ ಮೊದಲೇ ಕೊಕ್ಕೆಗೆ ಹಳದಿ ಬಣ್ಣ ಬಳಿದಾಗಿತ್ತು.

ಕಾಪುವಿನಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ ನಮ್ಮ ಶೆಡ್ಡು. ಮುಚ್ಚಿದ ಕಾರ್ಖಾನೆಗಳಿಂದ ಹಳೆಯ ಪಂಪು, ಮೋಟಾರು, ಭಾರ ಎತ್ತುವ ಚೈನ್‌ಬ್ಲಾಕ್ ತಂದು, ಪೂರ್ತಿ ಬಿಚ್ಚಿ, ಸವೆದದ್ದನ್ನು ಬದಲಿಸಿ ಮಾರುತ್ತೇವೆ. ಗುಜರಿಗೆ ಹೋಗಬೇಕಾದದ್ದು ಅರ್ಧ ಬೆಲೆಗೆ ಇನ್ನೂ ಹತ್ತು ವರ್ಷ ದುಡಿಯುತ್ತದೆ. ಇದನ್ನು ಶುರುಮಾಡಿದ್ದು ನನ್ನ ಗಂಡ ಗುರುಪ್ರಸಾದ್. ಹೋದ ವರ್ಷ ಜುಲೈಯಲ್ಲಿ ಇಲ್ಲೇ ಒಂದು ಚೈನ್‌ಬ್ಲಾಕಿನ ಕೊಕ್ಕೆ ಮುರಿದು, ತೂಗುತ್ತಿದ್ದ ಎಂಜಿನ್ ಅವರ ಮೇಲೆ ಬಿತ್ತು.

ಕೊಕ್ಕೆಗಳನ್ನು ಪರೀಕ್ಷಿಸುವ ಕೆಲಸ ಮೇಸ್ತ್ರಿ ವಿಠಲಣ್ಣನದು. ಒಂದು ವರ್ಷದಿಂದ ನಾನು ಅವರ ಕೈಗಳನ್ನೇ ನೋಡುತ್ತಿದ್ದೇನೆ.

ಪರೀಕ್ಷೆ ಕಷ್ಟದ್ದಲ್ಲ. ಕೊಕ್ಕೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿಡಬೇಕು. ಬಿರುಕಿದ್ದರೆ ಒಳಗಿನ ಎಣ್ಣೆ ಒಸರಿ ಬಿಳಿಯ ಮೇಲೆ ಗೆರೆ ಮೂಡುತ್ತದೆ. ಬಣ್ಣ ಆಮೇಲೆ.

"ಸುಣ್ಣ ಹಚ್ಚಿ ನೋಡಿದ್ರಾ?"

"ನಿನ್ನೆಯೇ ನೋಡಿದೆ ಅಕ್ಕ."

ನಿನ್ನೆ ಸುಣ್ಣದ ಡಬ್ಬಿಯನ್ನು ನಾನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆ.

"ಬಣ್ಣ ತೆಗೆಯಿರಿ."

"ಎಂತ ಅಕ್ಕ, ನಾಳಿದ್ದು ಬೋಟುಗಳು ಕಡಲಿಗೆ ಇಳಿಯುತ್ತವೆ. ಬೋಟಿನ ಪ್ರವೀಣನಿಗೆ ಎಂಜಿನ್ ಕೂರಿಸಲಿಕ್ಕೆ ಇವತ್ತೇ ಬೇಕಂತೆ. ಮಂಟಪದಲ್ಲಿ ಮದುಮಗಳ ಮುಖ ತೊಳೆಸಿದ ಹಾಗಾಯ್ತು ಇದು."

"ತೆಗೆಯಿರಿ."

ಹೊರಗೆ ಮಳೆ ಬಿಟ್ಟಿರಲಿಲ್ಲ. ಸುಣ್ಣ ಹಚ್ಚಿದ ಕೊಕ್ಕೆಯನ್ನು ದೊಡ್ಡ ಬಲ್ಬಿನ ಬಿಸಿಗೆ ಇಟ್ಟು ಕಾದೆ. ಗಂಟೆಯೊಳಗೆ ಕೊಕ್ಕೆಯ ಬಾಗಿನಲ್ಲಿ ಕೂದಲಿನಷ್ಟು ಸಪೂರದ ಕಪ್ಪು ಗೆರೆ ಮೂಡಿತು.

"ಅವರನ್ನೂ ಹೀಗೆಯೇ ಕೊಂದಿರಿ," ಎಂದೆ. ನನ್ನ ಸ್ವರ ಏರಲಿಲ್ಲ.

ವಿಠಲಣ್ಣ ಕೊಕ್ಕೆಯನ್ನು ಬಲ್ಬಿನ ಕೆಳಗಿಂದ ಈಚೆ ತೆಗೆದಿಟ್ಟರು.

"ಮಳೆಗಾಲದಲ್ಲಿ ನಾವು ಸುಣ್ಣ ಹಚ್ಚಿದ್ದೇ ಇಲ್ಲ ಅಕ್ಕ. ಪುಡಿ ತೇವ ಎಳೆಯುತ್ತದೆ, ಗೆರೆ ಕಾಣುವುದಿಲ್ಲ, ಸುಮ್ಮನೆ ಹೊತ್ತು ಹಾಳು ಅಂತ ಗುರಣ್ಣನೇ ಹೇಳಿದ್ದು. ಸುತ್ತಿಗೆಯಲ್ಲಿ ಬಡಿದು ನಾದ ಕೇಳಿ ಪಾಸ್ ಮಾಡುತ್ತಿದ್ದರು. ಆ ಕೊಕ್ಕೆಯನ್ನೂ ಅವರೇ ಬಡಿದು ನೋಡಿದ್ದು. ಬಲ್ಬು ಇಡುವುದು ನಮಗೆ ಹೊಳೆಯಲಿಲ್ಲ."

ಸತ್ತವರ ಮೇಲೆ ಹೊರಿಸುವುದು ಸುಲಭ. ನಾನು ವಿಠಲಣ್ಣನನ್ನು ನಂಬಲಿಲ್ಲ. ಪರೀಕ್ಷೆಯ ಪುಸ್ತಕ ತೆಗೆದೆ.

ಹೋದ ಮಳೆಗಾಲದ ಹನ್ನೊಂದು ಕೊಕ್ಕೆಗಳು. ತಾರೀಕು ಬೇರೆ ಬೇರೆ. ಎಲ್ಲದರ ಮುಂದೆ 'ಸುಣ್ಣ ಹಚ್ಚಿದೆ, ಸರಿ' ಎಂದು ಗುರುಪ್ರಸಾದರ ಅಕ್ಷರ. ಒಂದೇ ಹಸಿರು ಪೆನ್ನು, ಒಂದೇ ಓಟ. ಒಂದೇ ಸಲ ಕೂತು ಬರೆದದ್ದು.

ಮುರಿದದ್ದು ಒಂದು. ಉಳಿದ ಹತ್ತು ಮಾರಿಹೋಗಿದ್ದವು. ಪಟ್ಟಿಯಲ್ಲಿ ಮೊದಲ ಹೆಸರು ಬೋಟಿನ ಮಾಲೀಕ ಕಿಟ್ಟಣ್ಣನದು. ಫೋನ್ ಮಾಡಿದೆ.

"ನಮ್ಮ ಚೈನ್‌ಬ್ಲಾಕ್ ಈಗ ಎಲ್ಲಿದೆ?"

"ಇಲ್ಲೇ ಉಂಟಲ್ಲ ಅಮ್ಮ. ಎಂಜಿನ್ ಅದರಲ್ಲೇ ನೇತಾಡ್ತಾ ಉಂಟು. ಕೆಳಗೆ ಇಬ್ಬರು ಬೋಲ್ಟ್ ಹಾಕ್ತಿದ್ದಾರೆ."

"ಮೊದಲು ಅವರನ್ನು ಈಚೆ ಕರೆಯಿರಿ. ಆಮೇಲೆ ಎಂಜಿನ್ ಮೆಲ್ಲ ಕೆಳಗಿಳಿಸಿ. ಆ ಕೊಕ್ಕೆಯನ್ನು ಇನ್ನು ಮುಟ್ಟಬೇಡಿ."

"ಅದಕ್ಕೆ ಎಂತ ಆಗಿದೆ? ಗುರುಪ್ರಸಾದರೇ ಪಾಸ್ ಮಾಡಿ ಕೊಟ್ಟದ್ದು, ಅಲ್ವಾ?"

"ಹೌದು," ಎಂದೆ. "ಅದಕ್ಕೇ."