ಉಲ್ಲನ್ ಡಬ್ಬಿ

ನಾಲ್ಕು ಕುಣಿಕೆಗಳನ್ನು ಪೆನ್ನಿನ ಖಾಲಿ ರೀಫಿಲ್‌ಗೆ ಎತ್ತಿಟ್ಟುಕೊಂಡು, ಮುಂದಿನ ನಾಲ್ಕನ್ನು ಮೊದಲು ಹೆಣೆದು, ಆಮೇಲೆ ಎತ್ತಿಟ್ಟದ್ದನ್ನು ಹೆಣೆದರೆ ಸ್ವೆಟರಿನ ಮೇಲೆ ಜಡೆಯ ವಿನ್ಯಾಸ ಬೀಳುತ್ತದೆ ಎಂದು ಯೂಟ್ಯೂಬಿನವಳು ಸಲೀಸಾಗಿ ಹೇಳಿದ್ದಳು. ಅವಳಿಗೇನು, ಹೇಳುತ್ತಾಳೆ. ಪ್ರೇಮಲೀಲಾ ಮೂರು ಸಲ ಬಿಚ್ಚಿ, ನಾಲ್ಕನೇ ಸಲ ಎಳೆಬಿಸಿಲಿಗೆ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಉಲ್ಲನ್ ತುಂಬಿದ ಸ್ಟೀಲ್ ಡಬ್ಬಿ.

ಸ್ವೆಟರ್ ತಂಗಿ ಹೇಮಶ್ರೀಯ ಮಗಳು ಲಾಸ್ಯಳಿಗೆ. ಕುಂಬಾರಕೊಪ್ಪಲಿನಲ್ಲೇ ಹಿಂದಿನ ರಸ್ತೆಯಲ್ಲಿ ಅವರ ಮನೆ. ಮೈಸೂರಿನಲ್ಲಿ ಎಂಥ ಚಳಿಯೋ ದೇವರೇ ಬಲ್ಲ, ಆದರೂ ಎರಡು ವರ್ಷದಲ್ಲಿ ಆರು ಸ್ವೆಟರ್ ಆಗಿದ್ದವು. “ಮೈಮೇಲಿಂದ ತೆಗೆಯೋದೇ ಇಲ್ಲ ಕಣಕ್ಕ, ಮಲಗೋವಾಗ್ಲೂ ಅದೇ ಬೇಕು” ಅನ್ನುತ್ತಿದ್ದಳು ಹೇಮಶ್ರೀ. ಆ ಒಂದು ಮಾತಿನ ಮೇಲೆ ಪ್ರೇಮಲೀಲಾಳ ನೋಟ್‌ಬುಕ್ ತುಂಬುತ್ತಿತ್ತು: ಜಡೆ ಆದ ಮೇಲೆ ಎರಡು ಬಣ್ಣದ ಆನೆಸಾಲು, ಅದಾದ ಮೇಲೆ ಕಾಲುಚೀಲ. ಹೋದ ದೀಪಾವಳಿಗೆ ಈ ಡಬ್ಬಿ ತಂದುಕೊಟ್ಟವಳೂ ತಂಗಿಯೇ. “ನಿನ್ ಉಲ್ಲನ್‌ಗೆ ಅಂತಾನೇ ಹುಡುಕಿ ತಂದೆ.”

ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಬಂದು ಕುಡಿಯಲು ನೀರು ಕೇಳಿದಳು. ಪ್ರೇಮಲೀಲಾ ನೀರು ತರುವಷ್ಟರಲ್ಲಿ ಅವಳು ಗಂಟು ಬಿಚ್ಚಿ ಬಟ್ಟೆಗಳನ್ನು ಮಡಿಸಿಡುತ್ತಿದ್ದಳು. ಮೇಲೆಯೇ ಹಳದಿ ಸ್ವೆಟರ್ ಇತ್ತು, ಎದೆಯ ಮೇಲೆ ಬಾತುಕೋಳಿ. ಪ್ರೇಮಲೀಲಾ ಕತ್ತುಪಟ್ಟಿ ತಿರುಗಿಸಿ ನೋಡಿದಳು. ಒಳಗೆ ನೀಲಿ ದಾರದಲ್ಲಿ ತಾನೇ ಹಾಕಿದ ‘ಲಾ’. ಕತ್ತು ಒಂದು ಸಲವೂ ಹಿಗ್ಗಿರಲಿಲ್ಲ.

“ಇದೆಲ್ಲಿ ಸಿಕ್ತು?”

“ಹಿಂದ್ಗಡೆ ರಸ್ತೆ ಅವ್ವಾರು ಈಗ್ತಾನೆ ಕೊಟ್ರು. ಕೂಸ್ಗೆ ಚುಚ್ತದಂತೆ, ಆಕದೇ ಇಲ್ವಂತೆ.” ನೀರು ಕುಡಿಯುತ್ತ ಅವಳ ಕಣ್ಣು ಡಬ್ಬಿಯ ಮೇಲೆ ಬಿತ್ತು. “ಅಯ್ಯ, ಇದು ನಂದೇ ಡಬ್ಬಿ! ದೀಪಾವಳೀಲಿ ಇಂಥವೇ ಮೂರು ಸ್ವೆಟ್ರು ಈಸ್ಕಂಡು ಆ ಅವ್ವಾರ್ಗೇ ಕೊಟ್ಟಿದ್ನಲ್ಲ. ನಿಮ್ಗೆಂಗ್ ಬಂತು?”

ಪ್ರೇಮಲೀಲಾಳಿಗೆ ಮೈಯೆಲ್ಲ ಉರಿದುಹೋಯಿತು. ಚುಚ್ಚುತ್ತದೆ ಅಂತ ಒಂದು ಮಾತು ಹೇಳಿದ್ದರೆ ಹತ್ತಿಯ ನೂಲು ತರುತ್ತಿರಲಿಲ್ಲವೇ? ಮಲಗುವಾಗಲೂ ಅದೇ ಬೇಕು ಅನ್ನುವ ಸುಳ್ಳು ಯಾಕೆ ಬೇಕಿತ್ತು? ಉಲ್ಲನ್ ಉಂಡೆಗಳನ್ನೆಲ್ಲ ಮೆಟ್ಟಿಲ ಮೇಲೆ ಸುರಿದು ಡಬ್ಬಿ ಮುಂದಿಟ್ಟಳು.

“ಇದನ್ನ ಇಟ್ಕೊಂಡು ಅದನ್ನ ಕೊಡು.”

ಪಾತ್ರೆಯವಳು ಡಬ್ಬಿಯನ್ನು ತಿರುಗಿಸಿ ನೋಡಿ, ಮುಚ್ಚಳ ಸೊಟ್ಟಗಾಗಿದೆ ಎಂದು ಗೊಣಗಿ, ಹಳದಿ ಸ್ವೆಟರ್ ಕೊಟ್ಟು ಹೊರಟಳು.

ಮಧ್ಯಾಹ್ನ ಹೇಮಶ್ರೀಯ ಫೋನ್ ಬಂತು. “ಜಡೆ ಸ್ವೆಟ್ರು ಎಲ್ಲೀವರ್ಗೂ ಬಂತಕ್ಕ? ಲಾಸ್ಯ ದಿನಾ ಕೇಳ್ತಾಳೆ.”

“ನಿನ್ ಡಬ್ಬಿ ಕೊಟ್ಟು ಬಾತುಕೋಳಿ ಸ್ವೆಟ್ರು ವಾಪಸ್ ತಗೊಂಡೆ ಕಣೇ.”

ಆ ಕಡೆಯಿಂದ ಕುಕ್ಕರ್ ಎರಡು ಸಲ ಕೂಗಿದ್ದು ಕೇಳಿಸಿತು. ಪ್ರೇಮಲೀಲಾ ಫೋನ್ ಕೆಳಗಿಟ್ಟಳು. ಮಂಚದ ಮೇಲೆ ಅರ್ಧ ಜಡೆ ಬಿದ್ದಿತ್ತು. ರೀಫಿಲ್‌ಗೆ ಎತ್ತಿಟ್ಟ ನಾಲ್ಕು ಕುಣಿಕೆಗಳು ಹಾಗೇ ಇದ್ದವು.